ಹಾವು ಮಲಗುವ ತಿಂಗಳು

ಬರ್ನಿಸ್ ಬಂದದ್ದು ಮೇ ತಿಂಗಳಲ್ಲಿ,
ಇಳಕಲ್ಲಿನ ಕೆಂಪು ಕಲ್ಲುಗಣಿಗಳೂ ಬಾಯಾರಿ ಬಿದ್ದಿದ್ದಾಗ.
ಅಮೆರಿಕದವರು, ನೇಕಾರರು, ಎಂದಿದ್ದರು ಸೊಸೈಟಿಯವರು;
ಬಿಳಿಯ ಹೆಂಗಸಿಗೆಂದು ಕುರ್ಚಿ ತಂದಿಟ್ಟಿದ್ದೆವು.
ಬಂದವಳು ನಮ್ಮ ಹೀರಾಬಾಯಿ ಅತ್ತೆಯ ಹಾಗಿದ್ದಳು,
ಅದೇ ಕೆನ್ನೆ, ಕೈಗೆ ನೀಲಿ ಕಲ್ಲಿನ ಬೆಳ್ಳಿ ಕಡಗ.
ಕುರ್ಚಿ ಸರಿಸಿ ಕುಣಿಮಗ್ಗದ ಪಕ್ಕ ನೆಲಕ್ಕೆ ಕೂತಳು.

ಮೊದಲು ಕುಲ ಹೇಳಿದಳು:
ತಾಯಿಯದು, ತಂದೆಯದು,
ತಾಯಿಯ ತಂದೆಯದು, ತಂದೆಯ ತಂದೆಯದು.
ಅವಳ ಮಾತು ಇಂಗ್ಲಿಷಿಗೆ, ಇಂಗ್ಲಿಷು ಕನ್ನಡಕ್ಕೆ,
ಕನ್ನಡ ನನ್ನ ಬಾಯಲ್ಲಿ ಮನೆಮಾತಿಗೆ;
ಮೂರು ಕೊಡ ಬದಲಿಸಿದ ನೀರು
ಆಯಿಯ ಹತ್ತಿರ ಬರುವಷ್ಟರಲ್ಲಿ ಒಂದು ಬೊಗಸೆ.
ಅಷ್ಟಕ್ಕೇ ಆಯಿ ಎದ್ದು, ಸೆರಗು ಸರಿಮಾಡಿಕೊಂಡು,
ಗೋತ್ರ, ಅಡ್ಡಹೆಸರು, ತವರು, ಕುಲದೇವಿ ಎಲ್ಲ ಒಪ್ಪಿಸಿದಳು.
ನನ್ನ ಗೋತ್ರ ನನಗೆ ಗೊತ್ತಾದದ್ದು ಅಂದೇ.

ನಾವಾಹೊ ಎಂಬುದು ಪರರು ಇಟ್ಟ ಹೆಸರು,
ನಾವು ದಿನೆ, ಅಂದರೆ ಜನ, ಎಂದಳು.
ನಿಮ್ಮ ಮಾತಿಗೆ ಹೆಸರೇನು?
ಊರವರು ಸಾವಜಿ ಅನ್ನುತ್ತಾರೆ,
ಖಾನಾವಳಿಗೂ ಅದೇ, ಖಾರಕ್ಕೂ ಅದೇ ಹೆಸರು.
ನಾವು ಏನೂ ಅನ್ನುವುದಿಲ್ಲ. ಆಡುತ್ತೇವೆ.
ಜನಗಣತಿಯ ಮಾಸ್ತರರಿಗೆ ಅಪ್ಪ ಕನ್ನಡ ಎಂದು ಬರೆಸಿದ,
ಚಹಾ ಆರುತ್ತದೆಂದು.

ಅವಳ ಅವ್ವನ ಬಾಯಿಗೆ ಬೋರ್ಡಿಂಗ್ ಶಾಲೆಯಲ್ಲಿ
ಸಾಬೂನು ಹಾಕಿದ್ದರಂತೆ, ಮನೆಮಾತು ಆಡಿದ್ದಕ್ಕೆ.
ನಮಗೆ ಯಾರೂ ಸಾಬೂನು ಹಾಕಲಿಲ್ಲ.
ಹಿಂದಿನ ಬೆಂಚಿನವರು ನಕ್ಕರು.
ನಾನು ಮಗನಿಗೆ ಕಲಿಸಲಿಲ್ಲ.

ಒಡಲಿನ ನೂಲಿಗೆ ಸೆರಗಿನ ರೇಷ್ಮೆಯನ್ನು
ಕೊಂಡಿ ಹಾಕಿ ಕೂಡಿಸುವುದು ನನ್ನ ಕೆಲಸ,
ಒಂದೊಂದೇ ಎಳೆ, ಮೂರು ಸಾವಿರ ಸಲ.
ಮಡಚಿಟ್ಟ ಸೀರೆಯ ದಡಿಯ ಮೇಲೆ ಅವಳು ಬೆರಳಾಡಿಸಿದಳು:
ಎಲ್ಲ ಮುಚ್ಚಿದೆಯಲ್ಲ, ನೇಯ್ದವಳು ಹೊರಗೆ ಬರುವುದೆಲ್ಲಿಂದ?
ಅವಳ ಕಂಬಳಿಯ ಮೂಲೆಯಲ್ಲಿ ಅಂಚನ್ನು ಸೀಳಿ
ಒಂದು ಬಿಳಿ ಎಳೆ ಹೊರಟಿತ್ತು, ಕಾಲುದಾರಿಯಂತೆ.
ಅದಿಲ್ಲದಿದ್ದರೆ ಜೀವ ಒಳಗೇ ಉಳಿಯುತ್ತದಂತೆ.
ಆಯಿ ಬಹಳ ಹೊತ್ತು ನೋಡಿದಳು.
"ನಮ್ಮ ಸೇಠ ಇದಕ್ಕ ಅರವತ್ತು ರೂಪಾಯಿ ಮುರೀತಾನ."

ನೇಯಲು ಕಲಿಸಿದ್ದು ಒಬ್ಬ ಜೇಡಜ್ಜಿ ಎಂದಳು ಬರ್ನಿಸ್.
ಹೆಂಗ? ಆಯಿ ಮುಂದೆ ಸರಿದಳು.
ಈಗ ಹೇಳಬಾರದು. ಚಳಿಗಾಲದಲ್ಲಿ,
ಹಾವು ಮಲಗಿದ ಮೇಲೆ ಮಾತ್ರ.
"ನಮ್ಮಲ್ಲಿ ಹಾವು ಮಲಗೂದಽ ಇಲ್ಲ," ಎಂದಳು ಆಯಿ,
"ಅದಕ್ಕಽ ನಮ್ಮ ಕಥಿ ಯಾರೂ ಹೇಳವಲ್ರು."
ಮೂರು ಕೊಡ ದಾಟಿ ಅದು ತಲುಪಿ,
ಬರ್ನಿಸ್ ತಡವಾಗಿ ನಕ್ಕಳು.

ಎಳ್ಳಮಾಸಿಯ ಹಿಂದಿನ ದಿನ ಫೋನು ಬಂತು.
ಅಲ್ಲಿ ರಾತ್ರಿ, ಹಿಮ. ಇಲ್ಲಿ ಮುಂಜಾನೆ, ನಳದಲ್ಲಿ ನೀರು.
ಇಂಗ್ಲಿಷಿನವರು ಇರಲಿಲ್ಲ, ಕನ್ನಡದವರೂ.
ಸ್ಪೀಕರ್ ಹಾಕಿ ಆಯಿಯ ತೊಡೆಯ ಮೇಲಿಟ್ಟೆ.
ಬರ್ನಿಸ್ ತನ್ನ ಮಾತಿನಲ್ಲೇ ಶುರು ಮಾಡಿದಳು,
ಗಂಟಲಲ್ಲಿ ತಡೆದು ತಡೆದು ಬಿಡುವ ಮಾತು,
ಲಾಳಿ ದಡಿಗೆ ತಾಗಿ ತಿರುಗಿದ ಹಾಗೆ.
ಆಯಿ ಕಣ್ಣು ಮುಚ್ಚಿ, ಸರಿಯಾದ ಜಾಗದಲ್ಲಿ
ಹೂಂ ಅಂದಳು. ಮತ್ತೆ ಹೂಂ.
ನಳ ನಿಂತುಹೋಯಿತು. ಅರ್ಧ ಕೊಡ. ಯಾರೂ ಏಳಲಿಲ್ಲ.

ಮಗ ಬ್ರಷ್ ಕಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದ.
ಏನಂದ್ಲು ಆಯಿ, ಅಕಿ? ಕನ್ನಡದಲ್ಲಿ ಕೇಳಿದ.
ಆಯಿ ನಮ್ಮ ಮಾತಿನಲ್ಲಿ ಹೇಳಿದಳು, ಎರಡೇ ಶಬ್ದ.
ಅವನು ನನ್ನ ಮುಖ ನೋಡಿದ.
ನಾನು ಕನ್ನಡ ಮಾಡಿ ಕೊಡಲಿಲ್ಲ.
ಇಲ್ಲಿ ಬರೆಯುವುದೂ ಇಲ್ಲ.
ಶಿವರಾತ್ರಿ ದಾಟಿ ಚಳಿ ಶಿವಶಿವ ಎಂದು ಹೋಗಿದೆ,
ಹಾವುಗಳು ಎದ್ದಿರುತ್ತವೆ.