ಬಲ್ಲ ಮೂಲ

‘ಬಲ್ಲ ಮೂಲಗಳು ತಿಳಿಸಿವೆ’ ಎಂದು ಬರೆದಿತ್ತು
ನಾಲ್ಕನೇ ಪುಟದಲ್ಲಿ, ಶ್ರದ್ಧಾಂಜಲಿಗಳ ಮೇಲೆ.
ಏಳೂ ನಲವತ್ತರ ಸ್ಲೋ ಲೋಕಲಿನಲ್ಲಿ
ಪೇಪರನ್ನು ಅಂಗೈಯಗಲ ಮಡಿಸಿ, ನಿಂತೇ ಓದಿದೆ.

ನಮ್ಮ ಹೊಟೇಲು ನೌಕರರ ಪತ್ತಿನ ಸಂಘ
ಬೋರಾ ಬಜಾರಿನ ಮೂರನೇ ಮಹಡಿ, ಲಿಫ್ಟು ಎರಡರವರೆಗೆ ಮಾತ್ರ.
ಐತಪ್ಪ ಕಾಂಚನರು ಸೋತು, ಕರ್ಕೇರರು ಗೆದ್ದು,
ಅಧಿಕಾರ ಕೈ ಬದಲಾಗಲು ಹದಿಮೂರು ದಿನ.
ಸತ್ತವರಿಗೂ ಅಷ್ಟೇ ಕೊಡುತ್ತೇವೆ, ಮನೆ ಬಿಡಲು.

ಹಳಬರು ಸಂಜೆ ಬಂದು ಡ್ರಾಯರು ಬರಿದು ಮಾಡುವರು:
ಮರಿ ಗಣಪತಿ, ಸಕ್ಕರೆ ಕಾಯಿಲೆಯ ಮಾತ್ರೆ,
ಒಂದು ಫೈಲು ಚೀಲಕ್ಕೆ, ವಾಪಸು ಮೇಜಿಗೆ, ಮತ್ತೆ ಚೀಲಕ್ಕೆ.
ಹೊಸಬರಿಗೆ ಇನ್ನೂ ಬೀಗದ ಕೈ ಇಲ್ಲ;
ಬಂದವರು ಕೂರುವ ಸೋಫಾದಲ್ಲಿ ಕೂತು
ಅಧ್ಯಕ್ಷರ ಹಾಗೆ ಕೆಮ್ಮಲು ಕಲಿಯುವರು.

ಇಬ್ಬರ ನಡುವೆ ನನ್ನ ಮೇಜು.
‘ಗುಲಾಬಿ ಎಸ್. ಕೋಟ್ಯಾನ್, ಟೈಪಿಸ್ಟ್’. ಹಲಗೆ ಹಾಗೇ ಇದೆ,
ಟೈಪ್‌ರೈಟರು ಭಂಗಾರಿನವನ ಗಾಡಿ ಹತ್ತಿ ಇಪ್ಪತ್ತು ವರ್ಷವಾದರೂ.

ಮೊದಲು ಸೋರಿದ್ದು ಸಾಲ ಸಮಿತಿಯ ಹೆಸರುಗಳು.
ಆಮೇಲೆ, ಹಳಬರು ಕಾರು ಕೊಡಲು ಒಪ್ಪದ ಸುದ್ದಿ.
ಆಮೇಲೆ ಹೊಸಬರ ಭಾವಮೈದ, ಇನಿಶಿಯಲ್ ಸಮೇತ.
ಆರನೇ ದಿನ ಹೊಸಬರು ಸುತ್ತೋಲೆ ಬರೆಸಿದರು:
ಪತ್ರಿಕೆಯವರೊಡನೆ ಯಾರೂ ಮಾತಾಡತಕ್ಕದ್ದಲ್ಲ.
ಆತುರಕ್ಕೆ ನಾನು ‘ಮಾತಾಡತಕ್ಕದ್ದು’ ಎಂದು ಹೊಡೆದೆ.
ಮರುದಿನ ಪೇಪರಿನಲ್ಲಿ ಸುತ್ತೋಲೆಯೇ ಬಂತು,
ನನ್ನ ತಪ್ಪನ್ನೂ ತಿದ್ದದೆ.

ಯಾರು ಆ ಮೂಲ?
ನದಿಮೂಲ ಋಷಿಮೂಲ ಕೇಳಬಾರದು ಎಂದರು ಕಾರ್ಯದರ್ಶಿ ಪೂಂಜರು.
ಕೇಳಲೇಬೇಕು ಎಂದರು ಹೊಸಬರು.
ಈ ಆಫೀಸಿನಲ್ಲಿ ಕಣ್ಣಿಗೆ ಕಂಡ ಮೂಲ ಒಂದೇ:
ಕಾಂಚನ್ ಸಾಹೇಬರದು,
ಅದಕ್ಕೇ ಕುರ್ಚಿಯ ಮೇಲೆ ಆ ಗಾಳಿ ತುಂಬಿದ ಬಳೆದಿಂಬು.

ನಾನು ಬಲ್ಲೆ.
ಹಳಬರು ಮೆಟ್ಟಿಲ ತಿರುವಿನಲ್ಲಿ, ಫೋನಿಗೆ ಕರವಸ್ತ್ರ ಮುಚ್ಚಿ.
ಹೊಸಬರು ಪಾಯಿಖಾನೆಯಿಂದ, ನಲ್ಲಿ ಜೋರು ಬಿಟ್ಟು.
ಪೂಂಜರು ಯಾರೂ ಇಲ್ಲದಾಗ, ನನ್ನೆದುರಿಗೇ.
ಟೈಪಿಸ್ಟ್ ಎಂದರೆ ಯಾರೂ ಅಲ್ಲವಲ್ಲ.

ನಾನೂ ಕೊಟ್ಟೆ, ಒಮ್ಮೆ.
ಒಂಬತ್ತನೇ ದಿನ ಒಂದು ಠರಾವು ನನ್ನ ಬೆರಳಿನಡಿ ಬಂತು:
ವಾರಸುದಾರರು ಸಿಗದ ನೂರ ಹದಿನೇಳು ಖಾತೆಗಳ ಹಣ
ಕಟ್ಟಡ ನಿಧಿಗೆ ವರ್ಗ.
ಹಳಬರ ಸಹಿ, ಹೊಸಬರ ಸಹಿ; ಪೆನ್ನು ಒಂದೇ.

ಹೊಟೇಲು ಹುಡುಗರವು ಅವು. ಹಗಲು ಎಂಜಲು ಲೋಟ, ರಾತ್ರಿ ಶಾಲೆ,
ಶನಿವಾರ ಸರದಿಯಲ್ಲಿ ನಿಂತು ಎರಡೆರಡು ರೂಪಾಯಿ.
ಹೆಬ್ಬೆಟ್ಟು ಬೇಡ, ನಾನು ಸಹಿ ಬಲ್ಲೆ ಅನ್ನುತ್ತಿದ್ದರು,
ಒಬ್ಬನಂತೂ ನಾಲಗೆ ಹೊರಗಿಟ್ಟು ಬರೆಯುತ್ತಿದ್ದ.

ಪಟ್ಟಿ ಮಡಿಸಿ ಟಿಫಿನ್ ಡಬ್ಬಿಯ ಕೆಳಗಿಟ್ಟು
ವಿ.ಟಿ.ಯ ಗಡಿಯಾರದ ಕೆಳಗೆ ಕಾದೆ.
ವರದಿಗಾರ, ಸುರತ್ಕಲ್ ಕಡೆಯ ಹುಡುಗ, ಒಳ್ಳೆಯವನೇ,
ಮೊದಲ ಹಾಳೆ ನೋಡಿದ, ಕೊನೆಯದು ನೋಡಿದ.
‘ಇದರಲ್ಲಿ ಸುದ್ದಿ ಎಲ್ಲಿದೆ ಅಕ್ಕಾ?
ಉಪಾಧ್ಯಕ್ಷರು ಯಾರಂತೆ, ಅದು ಹೇಳಿ.’
ಇಬ್ಬರ ಚಾದ ದುಡ್ಡೂ ನಾನೇ ಕೊಟ್ಟೆ.

ಹದಿಮೂರನೇ ದಿನ ಶಾಲು, ಹಾರ, ಬೀಗದ ಕೈಗೆ ಕುಂಕುಮ.
ಅವರು ಇವರನ್ನು ತಬ್ಬಿದರು, ಇವರು ಅವರನ್ನು.
ಫೋಟೋದ ಎಡ ಅಂಚಿನಲ್ಲಿ ಒಂದು ಮೊಣಕೈ ಇದೆ,
ಅದು ನನ್ನದು.

ಬಲ್ಲ ಮೂಲಗಳು ತಿಳಿಸಿರುವಂತೆ
ಖಾತೆ ನಂಬರು ೪೧೨, ತನಿಯ ಬಿನ್ ಬೂದ.
ಕೆಲಸ: ಲೋಟ ತೊಳೆಯುವುದು.
ವಿಳಾಸ: ಹೊಟೇಲಿನ ಅಟ್ಟ, ಪರೇಲ್.
ಬಾಕಿ ೨೧೨ ರೂಪಾಯಿ ೪೦ ಪೈಸೆ.
ಸಹಿಯಲ್ಲಿ ‘ಯ’ದ ಬಾಲ ಗೆರೆ ದಾಟಿ
ಪಕ್ಕದವನ ಖಾನೆಗೆ ಹೋಗಿದೆ.

ಬರೆದುಕೊಳ್ಳಿ.
ಇನ್ನೂ ನೂರ ಹದಿನಾರು.