ಕೈ ಬಿಡಲಿಲ್ಲ

ಆಕಿ ಹೆಸರು ನಾ ಹೇಳಾಂಗಿಲ್ಲ.
ಫೈಲಿನಾಗೂ ಇಲ್ಲ, ಈ ಪದ್ಯದಾಗೂ ಇಲ್ಲ.
ದೂರುದಾರಳು ಅಂತ ಬರೀಬೇಕು,
ಬರದೇನಿ.
ನನ್ನ ಕೆಲಸ ಟೈಪಿಂಗು. ಹದಿನಾರು ವರ್ಷಾತು,
ಧಾರವಾಡದ ಈ ಗುಡ್ಡದ ಮ್ಯಾಲಿನ ಕಾಲೇಜಿನಾಗ
ಟಿ.ಸಿ., ಬೋನಾಫೈಡು, ಸಭಾ ನಡಾವಳಿ,
ಕೇಳಿದ್ದನ್ನ ಬಡಿಯೋದು, ಬಡಿದದ್ದನ್ನ ಮರಿಯೋದು.

ಮಂಗಳವಾರ, ಮೂರೂಕಾಲು. ಸ್ಟಾಫ್ ರೂಮಿನ ಹಿಂದಿನ ಖೋಲಿ.
ಮೂರು ಮಂದಿ ಒಂದು ಕಡೆ, ಆಕಿ ಒಂದು ಕಡೆ,
ಮೂಲ್ಯಾಗ ನಾನು, ನನ್ನ ಕೀಬೋರ್ಡು.
ಹೊರಗ ಬಾಕಿನ ಮ್ಯಾಲೆ ನವಲಗುಂದದ ಮೆಹರಾಜ್,
ಗೆಳತಿ ಚೀಲ ತೊಡಿಮ್ಯಾಲಿಟ್ಟುಕೊಂಡು.

ಆಕಿ ಹೇಳಿದ್ಲು:
"ಕೆಲಗೇರಿ ಕೆರಿ ದಂಡಿಗೆ ಹೋಗಿದ್ವಿರಿ.
ನಾ ಇನ್ನ ಸಾಕು ಅಂದೆ. ಫೋನ್ ಕೊಡು ಅಂದ. ಕೊಡಲಿಲ್ಲ.
ಆಮ್ಯಾಲೆ ಅವ ಕೈ ಬಿಡಲಿಲ್ರಿ."

ಬಡಿದೆ: ಅವನು ಕೈ ಬಿಡಲಿಲ್ಲ.

ಹಂಪಿಹೊಳಿ ಸರ್ ಪರದೆ ಕಡೆ ಬಗ್ಗಿ ಓದಿದ್ರು,
ಕನ್ನಡಕ ಒರಸಿಕೊಂಡ್ರು:
"ಕೈ ಬಿಡಲಿಲ್ಲ ಅಂದ್ರ ಒಳ್ಳೇದ ಆತಲ್ಲವ್ವಾ?
ಕೈ ಬಿಟ್ಟು ಹೋಗೋವ್ರ ಭಾಳ ಈ ಕಾಲದಾಗ."
ನಗಸಲಿಕ್ಕೆ ಅಂದ ಮಾತು.
ಅಧ್ಯಕ್ಷ ಮೇಡಂ ಒಬ್ರ ಅರ್ಧ ನಕ್ರು.

ಹೌದು, ಭಾಷಾನ ಹಂಗೈತಿ:
ಹಿಡದ್ರ ಲಗ್ನ, ಕೊಟ್ರ ಮೋಸ, ಬಿಟ್ರ ಅನಾಥ.
ಕೈಗೆ ಇಷ್ಟು ಮಾತು ಕಟ್ಟೇವಿ,
ಮಣಿಕಟ್ಟಿಗೆ ಒಂದೂ ಇಲ್ಲ.

ಆಕಿ ಬಲಗೈ ಮೇಜಿನ ಮ್ಯಾಲಿಟ್ಟಳು.
ಕ್ರೇಪ್ ಬ್ಯಾಂಡೇಜು. ಬಿಚ್ಚಲಿಲ್ಲ. ಯಾಕ ಬಿಚ್ಚಬೇಕು.
ಮೆಹರಾಜ್ ಆ ರಾತ್ರೀನ ಫೋಟೊ ತಗದಿದ್ಲು, ತಾರೀಖು ಸಮೇತ,
ಸಿವಿಲ್ ಆಸ್ಪತ್ರಿಗೆ ಕರಕೊಂಡು ಹೋಗಿದ್ಲು,
"ಯಾಕ ಹೋಗಿದ್ದಿ ಅಲ್ಲಿಗೆ" ಅಂತ ಒಮ್ಮೆನೂ ಕೇಳದ.
ನಾವು ಕೇಳಿದ್ವಿ. ನಾಲ್ಕು ಸಲ.
ನಾನೇ ಬಡಿದೇನಿ, ಎಣಿಕಿ ಐತಿ.

ಹದಿನಾಲ್ಕು ತಿಂಗಳ ಪ್ರೀತಿ ಅಂತ.
ಚಿಗರಿ ಬಸ್ ಹತ್ತಿದ್ರ ಟಿಕೇಟಿನ ಫೋಟೊ ಕಳಸಬೇಕು,
ಇಳದ್ರ ಸ್ಟಾಪಿನ ಫೋಟೊ,
ಜುಬಿಲಿ ಸರ್ಕಲ್ಲಿನಾಗ ಯಾರ ಜೋಡಿ ನಿಂತಿದ್ದಿ,
ಯಾಕ ನಕ್ಕಿ.
"ಮೊದಮೊದಲ ಕಾಳಜಿ ಅನಸ್ತಿತ್ರಿ" ಅಂದ್ಲು.
ಅದನ್ನೂ ಬಡಿದೆ. ಕಾಳಜಿಗೆ ಒತ್ತಕ್ಷರ ಇಲ್ಲ,
ಸಲೀಸು ಬಂತು.

ಮೇಡಂ ಹೇಳಿದ್ರು: "ಒಟ್ಟಿನ ಮ್ಯಾಲೆ
ಪರಸ್ಪರ ಮನಸ್ತಾಪ ಅಂತ ಬರೀರಿ."
'ಪರಸ್ಪ' ತನಕ ಬಡಿದೆ.
ಅಲ್ಲೇ ಬೆರಳು ನಿಂತ್ವು.

ನನಗ ದುರ್ಗದಬೈಲಿನ ಬಳೆಗಾರ ನೆನಪಾದ,
ಬಾಬಾಜಾನ್ ಅಂತ, ಕೈ ಹಿಡಿಯೋದ ಅವನ ಧಂದೆ.
ಎಷ್ಟು ಹೆಣ್ಣುಮಕ್ಕಳ ಕೈ ಹಿಸುಕಿರಬೇಕು ಆ ಮುದುಕ!
ಗೆಣ್ಣಿನ ತನಕ ಬಳಿ ತಂದು ನಿಲ್ಲಸ್ತಿದ್ದ:
"ಒತ್ತಲೇನವ್ವಾ? ನೋಯ್ತಂದ್ರ ಬ್ಯಾರೆ ಅಳತಿ ಕೊಡ್ತೀನಿ."
ಹ್ಞೂಂ ಅನ್ನೂತನ ಕಾಯ್ತಿದ್ದ,
ಹಿಂದ ಗಿರಾಕಿ ಸಾಲು ಇದ್ರೂ.
ನನ್ನ ಲಗ್ನದಾಗ ಧಾರಿ ಎರದಾಗ
ಆ ಮಾತು ಯಾರೂ ಕೇಳಲಿಲ್ಲ.
ಇರಲಿ, ಇದು ನನ್ನ ಹೇಳಿಕಿ ಅಲ್ಲ.

"ಯಾಕ ನಿಲ್ಸಿದ್ರಿ?" ಅಂದ್ರು ಮೇಡಂ.
"ಆಕಿ ಹಂಗ ಅನ್ನಲಿಲ್ರಿ" ಅಂದೆ.
ಹದಿನಾರು ವರ್ಷದಾಗ ಆ ಖೋಲ್ಯಾಗ ನಂದು ಮೊದಲನೇ ವಾಕ್ಯ.
ಹುಬ್ಬಳ್ಳಿಯಿಂದ ಬಂದ ವಕೀಲಬಾಯಿ, ಅಲ್ಲೀತನಕ ಸುಮ್ಮಿದ್ದವ್ರು,
ಪೆನ್ನಿನ ಟೋಪಿ ತಗದ್ರು:
"ಅಳಿಸ್ರಿ. ಆಕಿ ಅಂದದ್ದಷ್ಟ ಇರಲಿ."

ಪ್ರಿಂಟ್ ತಗದು ಕೊಟ್ಟೆ, ಓದಿ ಸಹಿ ಮಾಡು ಅಂತ.
ಓದಿದ್ಲು, ಭಾಳ ಹೊತ್ತು.
ಎಡಗೈಲೆ ಪೆನ್ನು ಹಿಡದು
'ಕೈ' ಮತ್ತ 'ಬಿಡಲಿಲ್ಲ' ಇವೆರಡರ ನಡುವ
ಒಂದು ಹಂಸಪಾದ ಹಾಕಿ, ಮ್ಯಾಲೆ ಬರದ್ಲು,
ಒಂದನೇತ್ತೆ ಕೂಸಿನ ಅಕ್ಷರದಾಗ:
ನಾನು ಬಿಡು ಅಂದರೂ.

ವರದಿಗೆ ತೊಂಬತ್ತು ದಿನ. ಇವತ್ತಿಗೆ ಇಪ್ಪತ್ತೆರಡು.
ಏನಾಕ್ಕೈತೋ ಗೊತ್ತಿಲ್ಲ.
ಅವ ಇನ್ನೂ ಕ್ಯಾಂಟೀನಿಗೆ ಬರತಾನ, ಚಾ ಕುಡಿತಾನ.
ಕಿಡಕಿ ಕಡೆ ಬಾಕಿನ ಮ್ಯಾಲೆ
ಮೆಹರಾಜ್ ಆಕಿ ಎಡಕ್ಕ ಕೂಡತಾಳ,
ಬಲಗೈಗೆ ಜಾಗಾ ಬಿಟ್ಟು.