ಡಸ್ಟರ್ ಹಿಡಿದ ಕೈ

ಪಿಸ್ತೂಲು ಹಿಡಿದ ಹಾಗೆ ಹಿಡಿಯೋ, ಅಂದರು
ಯಲ್ಲೋಜಿ ಮೇಷ್ಟ್ರು. ಹಿಡಿದೆ, ಡಸ್ಟರು.
ಭದ್ರಾವತಿಯ ಹಳೇನಗರದ ಹೈಸ್ಕೂಲು,
ಏಳನೇ ಪೀರಿಯಡ್ಡು, ಲೆಕ್ಕದವರು ಕಸಿಯದೆ ಬಿಟ್ಟದ್ದು.

ಮುಂದಿನ ವಾರ ಪತ್ತೇದಾರಿ ಧಾರಾವಾಹಿಯಲ್ಲಿ
ನನ್ನ ಕೈ ಒಬ್ಬ ಎಸ್ಟೇಟ್ ಮಾಲೀಕನನ್ನು ಕೊಂದಿತ್ತು,
ಹೆಬ್ಬೆರಳ ಕಲೆ ಸಮೇತ.
ಅಮ್ಮ ಗುರುತು ಹಿಡಿದಳು.

ಚಿತ್ರಕ್ಕೆ ಹನ್ನೆರಡು ರೂಪಾಯಿ; ಬಂದರೆ, ಮನಿಯಾರ್ಡರು.
ಕಾಗದ ನಮ್ಮೂರ ಮಿಲ್ಲಿನದೇ, ಬಿದಿರಿನದು.
ಕಾಡು ಬರೆಯಬೇಡಿ, ಕಾಡಿನ ಮೇಲೇ ಬರೀತಿದೀರಿ,
ಅನ್ನುತ್ತ ನಮ್ಮ ಹಸಿರು ಕ್ರೇಯಾನು ಇಸಿದುಕೊಳ್ಳುತ್ತಿದ್ದರು.

ಅವರಿಗೆ ಬೇಕಿದ್ದದ್ದು ಎಣ್ಣೆಬಣ್ಣ, ಆಳೆತ್ತರದ ಕ್ಯಾನ್ವಾಸು:
ಕಬ್ಬಿಣದ ಕಾರ್ಖಾನೆಯ ಪಾಳಿ ಬಿಡುವ ಹೊತ್ತು,
ಸೈಕಲ್ಲು, ಸೈಕಲ್ಲು, ಹೊಳೆಯ ಸೇತುವೆ ತುಂಬ.
ಶುರು ಮಾಡಿದ್ದರು. ನೋಡಿದ್ದೇನೆ.
ಮುಖವಿಲ್ಲದ ನಲವತ್ತು ಜನ;
ಹ್ಯಾಂಡಲ್ ಹಿಡಿದ ಕೈಗಳು ಮಾತ್ರ ಮುಗಿದಿದ್ದವು.

ಮಿಲ್ಲು ಮುಚ್ಚಿತು. ವಾರಪತ್ರಿಕೆಯೂ.
ಮೇಷ್ಟ್ರು ಅದಕ್ಕೂ ಮೊದಲೇ.

ಮೊನ್ನೆ ರೇಷನ್ ಅಂಗಡಿಯ ಯಂತ್ರ
ನನ್ನ ಹೆಬ್ಬೆಟ್ಟು ಒಪ್ಪಲಿಲ್ಲ. ಮೂವತ್ತು ವರ್ಷದ ಕುಲುಮೆ,
ಗೆರೆಯೆಲ್ಲ ಸವೆದಿದೆಯಂತೆ.
ಒರೆಸಿ ಮತ್ತೆ ಒತ್ತಿ, ಅಂದ ಹುಡುಗ.
ಒತ್ತಿದೆ.
ಗೆರೆ ಇದೆಯಪ್ಪ, ಟ್ರಂಕಿನಲ್ಲಿ, ಹರಿದ ಸಂಚಿಕೆಯೊಳಗೆ,
ಮೂಲೆಯಲ್ಲೊಂದು ಸಣ್ಣ ‘ಯ’.